ಗೆರೆ ದಾಟಿದ ಎಣ್ಣೆ

ಎಂಬತ್ತೊಂಬತ್ತರ ಬೇಸಿಗೆಯ ಆ ಮಧ್ಯಾಹ್ನ ನಾನು ಬೇಡಕಿಹಾಳದ ಅಣ್ಣಪ್ಪ ಕಾಕಾನ ಅಂಗಳದಲ್ಲಿ, ಕಾರಿನ ಎಡ ಮಡ್‌ಗಾರ್ಡಿಗೆ ಕೈ ಊರಿ ನಿಂತಿದ್ದೆ. ಹೊಗೆಯ ಕೊಳವೆ ಹಿಂದೆ, ಬಲಕ್ಕಿತ್ತು. ನನ್ನ ಅಂಗಿ ಬಿಳಿಯಾಗಿ ಉಳಿದದ್ದಕ್ಕೆ ಇಷ್ಟೇ ಕಾರಣ. ಪೂರ್ವಜನ್ಮದ ಪುಣ್ಯವೇನೂ ಅಲ್ಲ. ಆದರೂ ಇಂದಿಗೂ ನಾನು ಯಾವ ಕಾರಿನ ಹಿಂದೆಯೂ ನಿಲ್ಲುವುದಿಲ್ಲ.

ಕೊಲ್ಹಾಪುರದ ಕಡೆಯ ಯಾವುದೋ ವಾಡೆಯ ದೊಡ್ಡಮನೆಯಲ್ಲಿ ಕೋಳಿಗಳು ಒಳಹೊಕ್ಕು ಮೊಟ್ಟೆಯಿಡುತ್ತಿದ್ದ ಆ ವಿಲಾಯತಿ ಕಾರನ್ನು ಕಾಕಾ ತಂದು ಓಡುವಂತೆ ಮಾಡಿದ್ದ. ಮದುವೆಯಾದ ಮೇಲೆ ಅಥಣಿಯ ಗಂಡನ ಮನೆಗೆ ಇದರಲ್ಲೇ ಕಳಿಸುತ್ತೇನೆಂದು ಮಗಳು ಸುನಂದಾಗೆ ಮಾತು ಕೊಟ್ಟಿದ್ದ. ಬೀಗರಾದ ಮಲಗೌಡರು ಅದನ್ನು ನೋಡಿ, "ಮುಂದ ಎರಡು ಎತ್ತು ಕಟ್ಟೂದಿಲ್ಲೇನ್ರಿ?" ಎಂದು ನಕ್ಕಿದ್ದರು.

ಕಾರಿಗೆ ಸೂಪರ್‌ಚಾರ್ಜರ್ ಇತ್ತು. ಇಂಜಿನ್ ತಾನಾಗಿ ಉಸಿರಾಡಿದರೆ ಸಾಲದೆಂದು ಅದರ ಬಾಯಿಗೆ ಗಾಳಿ ತುರುಕುವ ಯಂತ್ರ. ನಮ್ಮ ಕಡೆಯ ಪಂಕ್ತಿಯಲ್ಲಿ ಬಡಿಸುವವರನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಆದರೆ ಗಾಳಿಯ ಜೊತೆ ಧೂಳೂ ಒಳಗೆ ಹೋಗುತ್ತದೆ. ನಿಪ್ಪಾಣಿಯ ತಂಬಾಕಿನ ಧೂಳಿಗೆ ಎಮ್ಮೆಗಳೂ ಸೀನುತ್ತವೆ. ಹಾಗಾಗಿ ಏರ್ ಫಿಲ್ಟರ್ ಯಾವುದಿರಬೇಕೆಂದು ಕಟ್ಟೆಯ ಮೇಲೆ ದೊಡ್ಡ ಚರ್ಚೆ. ಕಾಗದದ್ದು ಸಂಭಾವಿತ, ಆದರೆ ಬೇಗ ಉಸಿರು ಕಟ್ಟುತ್ತದೆ. ತಂತಿ ಜಾಳಿಗೆಯದ್ದು ಉದಾರಿ, ನೊಣವನ್ನೂ ಒಳಗೆ ಕರೆಯುತ್ತದೆ. ಕೊನೆಗೆ ಟ್ರ್ಯಾಕ್ಟರಿನದೇ ಗೆದ್ದಿತು: ಕೆಳಗೆ ಎಣ್ಣೆಯ ಬಟ್ಟಲು, ಧೂಳು ಅದರಲ್ಲಿ ಮುಳುಗಿ ಸಾಯಬೇಕು. ಎತ್ತರ ಹೆಚ್ಚಾಗಿ ಬಾನೆಟ್ ಮುಚ್ಚಲಿಲ್ಲ, ಬಾನೆಟ್ಟನ್ನೇ ಬಿಚ್ಚಿಟ್ಟರು.

ಬಟ್ಟಲಿನೊಳಗೆ ಒಂದು ಗೆರೆ ಇತ್ತು. ಕಾಕಾ ಅಲ್ಲಿಯವರೆಗೆ ಎಣ್ಣೆ ಹಾಕಿ ನಿಲ್ಲಿಸಿದ. ಅವನ ಭಾವ ಬಗ್ಗಿ ನೋಡಿದ.

"ಲೇ ಅಣ್ಣಪ್ಪಾ, ಅಥಣಿ ತನಕ ಹೋಗೂದೈತಿ. ಇಷ್ಟಕ್ಕ ಹೊಟ್ಟಿ ತುಂಬತೈತೇನು?"

ಎಂದು ತಾನೊಂದಿಷ್ಟು ಸುರಿದ. "ನಂದೊಂದೀಟು ಇರಲಿ" ಎಂದು ಇನ್ನೊಬ್ಬರು. ಮದುವೆಯೂಟ ಮುಗಿಸಿ ಬಂದ ನೆಂಟರೆಲ್ಲ ಬಡಿಸತೊಡಗಿದರು.

"ಅಪ್ಪಾ, ಗೆರಿ ಹೊಡದಾರಲ್ರಿ ಅಲ್ಲಿ," ಎಂದಳು ಕಾರಿನೊಳಗೆ ಕೂತಿದ್ದ ಸುನಂದಾ.

"ಗೆರಿ ಕಂಜೂಸ್ ಮಂದಿಗವ್ವಾ," ಎಂದು ಕಾಕಾ ಹತ್ತಿ ಕೂತು ಇಂಜಿನ್ ಚಾಲೂ ಮಾಡಿ ಆಕ್ಸಿಲರೇಟರನ್ನು ಜೋರಾಗಿ ಒತ್ತಿದ.

ಸೂಪರ್‌ಚಾರ್ಜರ್ ಗಾಳಿಯನ್ನು ಬಿಟ್ಟು ಎಣ್ಣೆಯನ್ನೇ ಕುಡಿಯಿತು. ಮೊದಲು ನೀಲಿ ಹೊಗೆ, ಆಮೇಲೆ ಕರಿಯ ಹನಿಗಳು. ಇಂಜಿನ್ ಸುಮ್ಮನಾಯಿತು. ಹೊಗೆ ತಿಳಿಯಾದಾಗ ಹಿಂದೆ ನಿಂತಿದ್ದ ಬೀಗರ ಬಿಳಿಯ ಕೋಟು, ತಲೆಗೆ ಸುತ್ತಿದ ಪಟಗಾ, ಮೀಸೆ ಎಲ್ಲ ಚುಕ್ಕೆ ಚುಕ್ಕೆ. ಕಾಕಾನ ಕೈ ಸ್ಟೇರಿಂಗ್ ಬಿಟ್ಟು ಮೇಲೇಳಲಿಲ್ಲ. ಮಗಳಿಗೆ ಕೊಟ್ಟ ಮಾತು ಅಂಗಳದಲ್ಲೇ ಕೆಟ್ಟು ನಿಂತಿತ್ತು.

ಸುನಂದಾ ಇಳಿದಳು. ಮದುವೆಯ ಶಾಲು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟಲು ಬಿಚ್ಚಿ ಉಳಿದ ಎಣ್ಣೆ ಚೆಲ್ಲಿದಳು. ಪ್ಲಗ್ಗುಗಳನ್ನು ಪೆಟ್ರೋಲಿನಲ್ಲಿ ತೊಳೆಸಿದಳು. ಗೆರೆಯವರೆಗೆ ಹೊಸ ಎಣ್ಣೆ ಹಾಕಿ, ಮೊದಲು ಸುರಿದಿದ್ದ ಸೋದರಮಾವ ಮತ್ತೆ ಎಣ್ಣೆಯ ಡಬ್ಬಿ ಎತ್ತಿದಾಗ ಬಟ್ಟಲಿಗೆ ಅಂಗೈ ಅಡ್ಡ ಹಿಡಿದಳು. "ಸಾಕ್ರಿ."

ಕಾರು ಕೆಮ್ಮಿತು, ಮತ್ತೆ ಕೆಮ್ಮಿತು, ಹತ್ತಿಕೊಂಡಿತು. ಬೀಗರು ಕನ್ನಡಕ ಒರೆಸಿಕೊಂಡು ಮುಂದಿನ ಸೀಟಿನಲ್ಲಿ ಕೂತರು. "ಇನ್ನ ಹಿಂದ ನಿಂದ್ರೂದಿಲ್ರಿ ನಾ. ಹೊಡೀರಿ ಗಾಡಿ."

ಕಾಕಾ ಈಗಿಲ್ಲ, ಅವನ ಭಾವನೂ ಇಲ್ಲ. ಆ ಮಧ್ಯಾಹ್ನವನ್ನು ಹತ್ತಿರದಿಂದ ಕಂಡು ಇನ್ನೂ ಉಳಿದವರು ನಾನು, ಸುನಂದಾ, ಮತ್ತು ಮಲಗೌಡರು. ಗೌಡರು ಈಗಲೂ ಊಟಕ್ಕೆ ಕೂತಾಗ ತುಪ್ಪ ಬಂದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು, "ಗೆರಿ ಬಂತವ್ವಾ" ಅನ್ನುತ್ತಾರೆ. ಸುನಂದಾ ಎಷ್ಟಾದರೂ ಅಣ್ಣಪ್ಪ ಕಾಕಾನ ಮಗಳು. ಬೆರಳ ಸಂದಿಯಲ್ಲೇ ಇನ್ನೊಂದು ಚಮಚ ಸುರಿಯುತ್ತಾಳೆ.