ಕ್ಷುದ್ರಗ್ರಹಕ್ಕೆ ಕಡಲೆಕಾಯಿ ಶಾಂತಿ

ಮೊನ್ನೆ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿಯ ವಾಸನೆ ಮೂಗಿಗೆ ಬಡಿಯಿತು. ಒಂದು ಪೊಟ್ಟಣ ಕೊಂಡೆ. ಮೊದಲು ಕೈಗೆ ಸಿಕ್ಕಿದ್ದೇ ಎರಡು ಬೀಜದ, ನಡು ಸಣ್ಣಗಾದ ಕಾಯಿ. ಒಡೆಯಲು ಮನಸ್ಸಾಗದೆ ಸುಮ್ಮನೆ ಹಿಡಿದು ನಿಂತೆ... ತವರಿನ ಪಕ್ಕದ ಮನೆಯ ಟೀಚರಮ್ಮ ನೆನಪಾಗಿದ್ದರು.

ಅವರು ಶ್ರೀರಂಗಪಟ್ಟಣದ ಅರ್ಚಕರ ಮನೆಯ ಮಗಳು. ನಮ್ಮೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರಾಗಿದ್ದರು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಕೈಯಲ್ಲೇ ಪೇಪರು ಬಿಡಿಸಿ ಆಕಾಶದ ಸುದ್ದಿ ಹುಡುಕುತ್ತಿದ್ದರು. ಸಿಕ್ಕಿದ್ದನ್ನು ಕಾಂಪೌಂಡಿನ ಈಚೆಗಿದ್ದ ನಮಗೆ ಹೇಳದೆ ಅವರಿಗೆ ಕಾಫಿ ರುಚಿಸುತ್ತಿರಲಿಲ್ಲ.

ನನ್ನ ಮದುವೆ ಗೊತ್ತಾದ ವರ್ಷ ಅವರಿಗೆ ಸಿಕ್ಕಿದ್ದು ಅಪೋಫಿಸ್ ಎಂಬ ಕ್ಷುದ್ರಗ್ರಹದ ಸುದ್ದಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಅದು ಭೂಮಿಯ ಹತ್ತಿರ ಹಾದುಹೋಗುವುದಿತ್ತು. ಹತ್ತಿರ ಅಂದರೆ ಕೋಟಿ ಕಿಲೋಮೀಟರಿಗೂ ಆಚೆ. ಅದರ ಬೆನ್ನಿಗೇ ನನ್ನ ಮದುವೆ. ಶೀಳನೆರೆಯಿಂದ ಗಂಡಿನ ಕಡೆಯವರು ಸೀರೆ, ಸಾಮಾನು ಮಾತಾಡಲು ಬಂದ ದಿನ ಟೀಚರಮ್ಮನೂ ಬಂದು ಕೂತು, ಸಂಭ್ರಮದಿಂದ ಈ ಸುದ್ದಿಯನ್ನೂ ಬಡಿಸಿಬಿಟ್ಟರು.

ಗಂಡಿನ ಅಜ್ಜಿ ಕಾಫಿ ಲೋಟ ಕೆಳಗಿಟ್ಟರು. ಅವರಿಗೆ ಗ್ರಹ ಅಂದರೆ ಶನಿ, ಕುಜ. ಕ್ಷುದ್ರ ಅಂದರೆ ಮಾಟಮಂತ್ರ. ಎರಡೂ ಸೇರಿದ ಮೇಲೆ ಕೇಳಬೇಕೆ?

“ಕ್ಷುದ್ರ ಅಂತ ನೀವೇ ಯೇಳ್ತೀರಿ, ಅತ್ರ ಬತ್ತದೆ ಅಂತ್ಲೂ ಯೇಳ್ತೀರಿ. ಇಂತಾ ಟೇಮಲ್ಲಿ ತಾಳಿ ಕಟ್ಸಾಕಾಯ್ತದಾ? ಲಗ್ನ ಮುಂದುಕ್ಕಾಕ್ಬುಡಿ” ಅಂದರು.

ಮುಂದಕ್ಕೆ ಹಾಕಿದ ಮದುವೆ ಆಮೇಲೆ ಮುರಿದೇಬಿದ್ದದ್ದನ್ನು ನಮ್ಮ ಬೀದಿಯಲ್ಲೇ ಕಂಡವಳು ನಾನು. ಹುಡುಗ ನನಗೆ ಬಹಳ ಹಿಡಿಸಿದ್ದ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಟೀಚರಮ್ಮನ ಮೇಲೂ ಅವರ ಆಕಾಶದ ಮೇಲೂ ಹಲ್ಲು ಕಡಿದೆ.

ಟೀಚರಮ್ಮ ತಬ್ಬಿಬ್ಬಾಗಿ ಪಾಠ ಶುರುಮಾಡಿದರು. ಅದು ಬರೀ ಕಲ್ಲು, ನಮ್ಮ ಚಿನಕುರಳಿ ಕಡೆಯ ಒಂದು ಕಲ್ಲುಗುಡ್ಡದಷ್ಟಿದೆ, ವರ್ಷ ತುಂಬುವ ಮೊದಲೇ ಸೂರ್ಯನಿಗೆ ಒಂದು ಸುತ್ತು ಹಾಕುತ್ತದೆ, ಹಾಗೆ ಸುತ್ತುವಾಗ ಭೂಮಿಯ ದಾರಿಯನ್ನು ದಾಟುತ್ತದೆ... ‘ದಾಟುತ್ತದೆ’ ಅಂದದ್ದೇ ಅಜ್ಜಿಯ ಮುಖ ಇನ್ನಷ್ಟು ಬಿಗಿಯಾಯಿತು. ಬೆಕ್ಕು ದಾಟಿದರೇ ಐದು ನಿಮಿಷ ಕೂತು ಹೋಗುವವರು ಅವರು.

ಅಮ್ಮ ಬೀಗರಿಗೆಂದು ಇಟ್ಟಿದ್ದ ತಟ್ಟೆಯಿಂದ ಟೀಚರಮ್ಮ ಎರಡು ಬೀಜದ ಒಂದು ಕಡಲೆಕಾಯಿ ಆರಿಸಿದರು. ಅದನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಾ ಹೇಳಿದರು: “ನೋಡಿ ಅಜ್ಜಿ, ಅದರ ಆಕಾರ ಹೀಗಿರಬಹುದಂತೆ. ಕ್ಷುದ್ರ ಅಂದ್ರೆ ಚಿಕ್ಕದು ಅಂತ ಅಷ್ಟೇ, ಕೆಟ್ಟದ್ದು ಅಂತಲ್ಲ. ತನ್ನ ದಾರಿಯಲ್ಲಿ ತಾನು ಪಲ್ಟಿ ಹೊಡ್ಕೊಂಡು ಹೋಗತ್ತೆ. ನಮ್ಮನೇಗೆ ಬರಲ್ಲ, ಊಟ ಕೇಳಲ್ಲ.”

ಅಜ್ಜಿ ಆ ಕಾಯಿಯನ್ನು ಇಸಿದುಕೊಂಡು ಹಿಂದೆ ಮುಂದೆ ನೋಡಿದರು.

“ಊಟ ಕೇಳ್ದೆ ಪಕ್ಕದಲ್ಲೇ ವೋಯ್ತದೆ ಅಂದ್ರೆ ಬೀಗ್ರಿಗಿಂತ ವಾಸಿ ಬುಡು.”

ಮನೆಯೆಲ್ಲ ನಕ್ಕಿತು. ಅಜ್ಜಿ ಕಾಯಿ ಒಡೆದು ಒಂದು ಬೀಜ ಬಾಯಿಗೆ ಹಾಕಿಕೊಂಡು, ನನ್ನನ್ನು ಕರೆದು ಇನ್ನೊಂದನ್ನು ಅಂಗೈಯಲ್ಲಿಟ್ಟರು. “ಅರ್ದ ನಾನ್ ತಿಂದೆ, ಅರ್ದ ನೀನ್ ತಿನ್ನವ್ವ. ಶಾಂತಿ ಆಯ್ತು.”

ಮದುವೆ ಮೊದಲು ಗೊತ್ತುಮಾಡಿದ್ದ ದಿನಕ್ಕೇ ನಡೆಯಿತು. ಇಷ್ಟು ವರ್ಷದಲ್ಲಿ ನಮ್ಮನ್ನು ಯಾವ ಗ್ರಹವೂ ಕಾಡಿಲ್ಲ, ಆಗಾಗ ಬೀಗರು ಕಾಡಿದ್ದಾರೆ ಅಷ್ಟೆ. ತವರಿಗೆ ಹೋದಾಗಲೆಲ್ಲ ಟೀಚರಮ್ಮ, ಎಲ್ಲಿಗೆ ಬಂತಮ್ಮಾ ನಿನ್ನ ಕಡಲೆಕಾಯಿ ಗ್ರಹ, ಅಂತ ರೇಗಿಸುತ್ತಿದ್ದರು. ಎರಡು ಸಾವಿರದ ಇಪ್ಪತ್ತೊಂಬತ್ತರ ಏಪ್ರಿಲ್ಲಿನಲ್ಲಿ ಅದು ಬರಿಗಣ್ಣಿಗೆ ಕಾಣುವಷ್ಟು ಹತ್ತಿರ ಬರುತ್ತದಂತೆ. ಭೂಮಿಗೆ ಬಡಿಯುವುದಿಲ್ಲ, ಭೂಮಿಯ ಸೆಳೆತಕ್ಕೆ ಅದರ ದಾರಿಯೇ ಬದಲಾಗುತ್ತದಂತೆ. ಅವತ್ತು ಗಂಡ ಹೆಂಡತಿ ಇಬ್ಬರೂ ನಮ್ಮ ತಾರಸಿಗೆ ಬರಬೇಕು, ಕಡಲೆಕಾಯಿ ನಂದು, ಅಂತ ಮಾತು ತೆಗೆದುಕೊಂಡಿದ್ದರು.

ಹೋದ ಕಾರ್ತಿಕದಲ್ಲಿ ಟೀಚರಮ್ಮ ತೀರಿಕೊಂಡರು. ಇನ್ನಷ್ಟು ದಿನ ಇರಬೇಕಿತ್ತು... ಅವರಿಲ್ಲದಿದ್ದರೂ ಆ ಕಲ್ಲು ಬರುವುದು ತಪ್ಪುವುದಿಲ್ಲವಲ್ಲ.

ಬಸ್‌ಸ್ಟ್ಯಾಂಡಿಗೆ ಸ್ಕೂಟರ್ ತಂದ ನನ್ನ ಯಜಮಾನರು, ಬಿಸಿಲಲ್ಲಿ ಯಾಕೆ ನಿಂತಿದ್ದೀಯ ಅಂದರು. ಕಾಯಿ ಒಡೆದೆ. ಒಂದು ಬೀಜ ನಾನು ತಿಂದು, ಇನ್ನೊಂದನ್ನು ಅವರ ಕೈಗಿಟ್ಟೆ. ಅವರು ಅದನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ, ಟೀಚರಮ್ಮನ ತಾರಸಿಗಂತೂ ಹೋಗೋಣ ಅಂದರು. ಆ ಸಲ ಕಡಲೆಕಾಯಿ ನಾವೇ ತಗೊಂಡು ಹೋಗಬೇಕು.