ವರನ ಬೆನ್ನ ಹಿಂದಿನ ನೀರು

ನಮ್ಮ ಸೀಮೆ ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಚಳಿಗಾಲ. ಲಕ್ಷ್ಮೇಶ್ವರದ ನಮ್ಮ ಮನೆಗೆ ಗದಗಿನಿಂದ ಒಂದು ಲಕೋಟೆ ಬಂತು. ಒಳಗೆ, ನನ್ನನ್ನು ನೋಡಲು ಬರಲಿದ್ದ ವರನ ಫೋಟೋ. ಕಚೇರಿಯಲ್ಲಿ ಗುಮಾಸ್ತ ಎಂದು ಪತ್ರದಲ್ಲಿತ್ತು. ಕರೀ ಕೋಟು, ಕರೀ ಟೊಪ್ಪಿಗೆ, ಒಂದು ಕುರ್ಚಿಯ ಬೆನ್ನಿನ ಮೇಲೆ ಕೈ.

ಅವರ ಮುಖವನ್ನು ಮನೆಯಲ್ಲಿ ಯಾರೂ ಸರಿಯಾಗಿ ನೋಡಲೇ ಇಲ್ಲ. ಬೆನ್ನ ಹಿಂದೆ ಅಗಲವಾದ ನೀರಿತ್ತಲ್ಲ! ಒಂದು ದೋಣಿ, ಎರಡು ಹಂಸ, ದಂಡೆಯಿಂದ ನೀರಿಗಿಳಿಯುವ ಪಾವಟಿಗೆ, ದೂರದಲ್ಲಿ ಗೋಪುರದಂಥದ್ದೇನೋ.

ಶಾಲಾ ಮಾಸ್ತರರಾಗಿದ್ದ ಅಪ್ಪ ಚಷ್ಮಾ ಏರಿಸಿಕೊಂಡು ನೋಡಿ, "ಇದು ಮೈಸೂರು. ಈಗ ಅದೂ ನಮ್ದ ಆಗೇತಲ್ಲ, ಹೋಗಿ ನೋಡಿ ಬಂದಿರಬೇಕು," ಅಂದರು.

ಮುಂಡರಗಿಯಿಂದ ಬಂದಿದ್ದ ಸೋದರಮಾವ ಒಪ್ಪಲಿಲ್ಲ. "ಎಲ್ಲೀ ಮೈಸೂರ್ರಿ ಭಾವಾ? ಇದು ನಮ್ಮ ತುಂಗಭದ್ರಾ. ಹುಟ್ಟಿದಾಗಿಂದ ಈ ಹೊಳಿಯಾಗ ಈಸ್ಯಾಡೀನಿ."

"ಹೊಳಿಯಾಗ ಹಂಸ ಎಲ್ಲಿ ಅದಾವು?"

"ನೀವು ಬಂದಾಗ ಇರಂಗಿಲ್ಲ."

ಅಪ್ಪನ ಅಕ್ಕ, ನನ್ನ ಅತ್ತಿ, ಫೋಟೋ ಕಸಿದುಕೊಂಡಳು. "ಇಬ್ರೂ ಸುಮ್ನಿರ್ರಿ. ಪಾವಟಿಗಿ ಕಾಣಸವಲ್ವೇನು ನಿಮಗ? ಇದು ಕಾಶಿ!" ಅಷ್ಟೇ ಅಲ್ಲ, ಫೋಟೋವನ್ನು ನೇರ ದೇವರ ಕೋಣೆಯಲ್ಲಿಟ್ಟು ಅದರೊಳಗಿನ ಗಂಗಾಮಾಯಿಗೆ ಅರಿಷಿಣ ಕುಂಕುಮ ಏರಿಸಿದಳು. ನೀರಿಗೆ ಹಚ್ಚಲು ಹೋದದ್ದು ಕೈತಪ್ಪಿ ವರನ ಮೂಗಿಗೂ ಹತ್ತಿತು. ದಿನಾ ಬೆಳಿಗ್ಗೆ ಪೂಜೆ, ಹೂವು, ಆರತಿ. ನನಗೋ, ಮದುವೆಗೆ ಮುಂಚೆಯೇ ಗಂಡ ದೇವರಾದನಲ್ಲ ಎಂದು ಗಾಬರಿ.

ಅವ್ವ ಮಾತ್ರ ಒಮ್ಮೆ, "ಹೊಳಿ ದಂಡಿಮ್ಯಾಲ ಕುರ್ಚಿ ಯಾಕ ಇಟ್ಟಾರ?" ಎಂದು ಕೇಳಿದಳು. ಅಷ್ಟರಲ್ಲಿ ಅತ್ತಿ ಆರತಿಯ ಗಂಟೆ ಬಾರಿಸಿದಳು.

ಮುಂದಿನ ವಾರ ವರ ತಂದೆಯೊಂದಿಗೆ ಬಂದರು. ನಾನು ಅವಲಕ್ಕಿ ತಾಟು ಇಟ್ಟು ಬಾಗಿಲ ಹಿಂದೆ ನಿಂತೆ. ಅತ್ತಿ ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟಳು: "ಕಾಶಿಗೆ ಯಾವಾಗ ಹೋಗಿದ್ರಿ?"

ವರನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ಕಾಶಿಗೇನ್ರಿ? ನಾ ಹುಬ್ಬಳ್ಳಿ ದಾಟಿ ಎಲ್ಲೂ ಹೋಗಿಲ್ರಿ."

"ಮತ್ತ ಫೋಟೋದಾಗಿನ ನೀರು?" ಅಪ್ಪ, ಮಾವ ಒಟ್ಟಿಗೇ ಕೇಳಿದರು.

"ಅದು ನೀರಲ್ರಿ, ಪರದೆ. ಗದಗಿನ ಫೋಟೋ ಅಂಗಡ್ಯಾಗ ಗ್ವಾಡಿಗಿ ಕಟ್ಟಿರ್ತಾರ. ಬಣ್ಣದಾಗ ಬರೆದದ್ದು."

ಮಾವ ಮೆಲ್ಲಗೆ, "ಬರೆದಾವ ನಮ್ಮ ಹೊಳಿ ನೋಡೇ ಬರೆದಿರಬೇಕು," ಅಂದ. ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದ ನಾನು ಫಕ್ಕನೆ ನಕ್ಕುಬಿಟ್ಟೆ. ಆ ಕಡೆಯಿಂದಲೂ ಒಂದು ನಗೆ ಕೇಳಿಸಿತು, ಜೊತೆಗೆ ಅವಲಕ್ಕಿ ನೆತ್ತಿಗೇರಿದ ಕೆಮ್ಮು.

ಅವರು ಹೋದ ಮೇಲೆ ಅತ್ತಿ ಮುಖ ಊದಿಸಿಕೊಂಡು ಕೂತಳು. "ಎಂಟು ದಿನ ಪರದೆ ಅರಿವಿಗಿ ಆರತಿ ಎತ್ತಿದ್ನಲ್ಲೇ!" ಈ ಸಂಬಂಧವೇ ಬೇಡ ಅಂದಳು.

ಅವ್ವ ಅವಲಕ್ಕಿ ತಾಟುಗಳನ್ನು ಒಂದರ ಮೇಲೊಂದು ಇಡುತ್ತ ಹೇಳಿದಳು: "ಅಂವ 'ಹೌದ್ರಿ, ಕಾಶಿಗೆ ಹೋಗಿದ್ದೆ' ಅಂದಿದ್ರ ನಾವೇನು ನೋಡಾಕ ಹೋಗ್ತಿದ್ವೇನು? ಖರೆ ಹೇಳಿದ ಹುಡುಗ."

ಅಪ್ಪ ನನ್ನ ಕಡೆ ತಿರುಗಿ, "ನೀ ಏನಂತಿ?" ಎಂದು ಕೇಳಿದರು. ಗಂಭೀರವಾಗಿ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಮತ್ತೆ ನಗುವೇ ಬಂತು. ಅಪ್ಪ ಅದನ್ನೇ ಒಪ್ಪಿಗೆ ಎಂದು ತಿಳಿದು ಗದಗಿಗೆ ಪತ್ರ ಬರೆಯಲು ಕೂತರು.