ನಾನು ದಾಟಿಸದೆ ಉಳಿಸಿಕೊಂಡ ಮಾತು

ಆರೋಗ್ಯ ಮಾತೆಯ ಭಕ್ತರೇ,

ನನ್ನ ಮಗ ಬದುಕಿ ಉಳಿದದ್ದನ್ನು ಬರೆದುಕೊಡಿ ಎಂದು ಪ್ರಾರ್ಥನಾ ಕೂಟದವರು ಕೇಳಿ ತುಂಬಾ ಕಾಲವಾಯಿತು. ಇಂದು, ನಾಳೆ ಎಂದು ಮುಂದೂಡುತ್ತಲೇ ಬಂದೆ. ಮಾತೆಯ ಉಪಕಾರವನ್ನು ಹೇಳಲು ನನಗೆ ಸಂಕೋಚವಿಲ್ಲ. ಅದರ ಜೊತೆಗೆ ಇನ್ನೊಂದನ್ನೂ ಹೇಳಬೇಕಾಗುತ್ತದೆ. ತಡವಾದದ್ದು ಅದಕ್ಕೆ.

ನನ್ನ ಮಗ ನೆಲ್ಸನ್‌ಗೆ ಮನಸ್ಸಿನ ಕಾಯಿಲೆ ಇದೆ. ಹತ್ತಿರ ಯಾರೂ ಇಲ್ಲದಾಗಲೂ ಅವನಿಗೆ ಮಾತು ಕೇಳಿಸುತ್ತದೆ. ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋಗುತ್ತಾ ಈ ಅರಬ್ ನಾಡಿನಲ್ಲಿ, ಖೈತಾನ್‌ನ ಫ್ಲ್ಯಾಟಿನಲ್ಲಿ ನಮ್ಮ ಜೊತೆಗಿದ್ದ. ಕಳೆದ ಬೇಸಿಗೆಯಲ್ಲಿ ಒಂದು ದಿನ ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡತೊಡಗಿದ. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಕಾಯಿಲೆ ಕೆರಳಿದಾಗ ಅವನ ಬಾಯಿಗೆ ಕೊಂಕಣಿ ಬಿಟ್ಟು ಬೇರೇನೂ ಬರುವುದಿಲ್ಲ. ಯಾರೋ ತನ್ನನ್ನು ಬೈಯುತ್ತಿದ್ದಾರೆ ಎಂದು ಕಿರುಚುತ್ತಿದ್ದ. ನನ್ನ ಹೆಂಡತಿ ಅವನ ಮಾತ್ರೆಗಳನ್ನು ತೋರಿಸಿದಳು. ಅವುಗಳನ್ನು ನೋಡಿದ ಮೇಲೆ ಯಾರೂ ಅವನ ಹೊಟ್ಟೆಯನ್ನು ನೋಡಲಿಲ್ಲ.

"ಮಜ್ನೂನ್," ಹುಚ್ಚ ಎಂದು ಒಬ್ಬ ಅಟೆಂಡರ್ ಇನ್ನೊಬ್ಬನಿಗೆ ಹೇಳಿ ನಕ್ಕ. ನಾನು ಅರಬಿಯಲ್ಲಿ ಬೇಡಿಕೊಂಡೆ. "ಖಲಾಸ್ ಬಾಬಾ, ಸಾಕು, ಹೊರಗೆ ಕೂತುಕೋ. ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸ್ತೇವೆ," ಎಂದರು.

ಆ ನಗು ನನಗೆ ಪರಿಚಯದ್ದು. ನಾನೂ ಇಲ್ಲಿನ ಇನ್ನೊಂದು ಆಸ್ಪತ್ರೆಯಲ್ಲಿ ಅದೇ ಅಟೆಂಡರ್ ಕೆಲಸ ಮಾಡಿ ನಿವೃತ್ತನಾದವನು. ಓದಿದ್ದು ಹೈಸ್ಕೂಲಿನವರೆಗೆ. ಆದರೆ ಅರಬಿ ಬೇಗ ಕಲಿತೆ. ನಮ್ಮ ಕಡೆಯ ರೋಗಿ ಬಂದರೆ ಅವರ ಮಾತನ್ನು ಡಾಕ್ಟರಿಗೆ ದಾಟಿಸಲು ನನ್ನನ್ನೇ ಕರೆಯುತ್ತಿದ್ದರು. ಅದು ನನಗೆ ದೊಡ್ಡ ಹೆಮ್ಮೆ.

ಒಂದು ಸಂಜೆ ರಿಗ್ಗೈ ಬಡಾವಣೆಯಿಂದ ನಮ್ಮೂರಿನ ಕಡೆಯ ಒಬ್ಬ ಮೇಸ್ತ್ರಿಯನ್ನು ಹೊತ್ತುಕೊಂಡು ಬಂದರು. ಯಾರೋ ಕದ್ದು ಕಾಯಿಸಿದ ಸಾರಾಯಿಯನ್ನು ಆ ಮೇಸ್ತ್ರಿ ಕುಡಿದಿದ್ದರು. ಮೈಯೆಲ್ಲ ವಾಂತಿ. ಅದನ್ನು ಒರೆಸುವ ಕೆಲಸವೂ ನನ್ನದೇ. ಹೊರದೇಶದಲ್ಲಿ ನಮ್ಮವರ ಮರ್ಯಾದೆ ತೆಗೆದನಲ್ಲ ಎಂದು ಸಿಟ್ಟು ಬಂತು. ಬೇರೆ ಊರಿನವರಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಅವರು ನನ್ನ ಅಂಗಿ ಹಿಡಿದುಕೊಂಡರು. ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದರು. "ಪೊರ್ಬುಗಳೇ, ಮೆಟ್ಲಿಂದ ಬಿದ್ದೆ. ತಲೆಗೆ ಪೆಟ್ಟಾಗಿದೆ. ಈ ಎಡಗೈ ನಂದಲ್ಲದ ಹಾಗೆ ಆಗ್ತಾ ಉಂಟು. ಡಾಕ್ಟ್ರಿಗೆ ಹೇಳಿ ಮಾರಾಯ್ರೆ."

ಏನು ಹೇಳುತ್ತಾನೆ ಎಂದು ಡಾಕ್ಟರು ಕೇಳಿದರು.

"ಸಕ್ರಾನ್," ಎಂದೆ. ಕುಡುಕ. "ಬಾಯಿಗೆ ಬಂದದ್ದು ಬಡಬಡಿಸ್ತಾನೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರನ್ನು ಒಂದು ಮೂಲೆಯಲ್ಲಿ ಮಲಗಿಸಿದೆವು. ತಲೆಯೊಳಗೆ ರಕ್ತ ಕಟ್ಟಿದೆ ಎಂದು ತಿಳಿಯುವಾಗ ಬೆಳಗಾಗಿತ್ತು. ಜೀವ ಉಳಿಯಿತು. ಎಡಭಾಗಕ್ಕೆ ಶಕ್ತಿ ಬರಲಿಲ್ಲ.

ಊರಿಗೆ ಕಳುಹಿಸುವ ದಿನ ಗಾಲಿಕುರ್ಚಿ ತಳ್ಳಿದವನು ನಾನೇ. ಅವರು ಬಲಗೈಯಿಂದ ನನ್ನ ಕೈ ಹಿಡಿದರು. "ಭಾಷೆ ಗೊತ್ತಿಲ್ಲದ ಜಾಗದಲ್ಲಿ ನೀವೊಬ್ರು ನನ್ನ ಪರವಾಗಿ ಮಾತಾಡಿದ್ರಿ. ನಿಮ್ಮ ಮಕ್ಕಳಿಗೆ ಒಳ್ಳೇದಾಗಲಿ ಪೊರ್ಬುಗಳೇ," ಎಂದರು.

ನಾನು "ಇರಲಿ, ಇರಲಿ" ಎಂದೆ. ಅಷ್ಟೇ ಹೇಳಿದ್ದು.

ನೆಲ್ಸನ್ ಒಳಗೆ ನರಳುತ್ತಿದ್ದಾಗ ನಾನು ಹೊರಗಿನ ಬೆಂಚಿನಲ್ಲಿ ಜಪಮಾಲೆ ಹಿಡಿದು ಕುಳಿತೆ. ಮಣಿಗಳು ಮುಂದೆ ಸರಿಯಲಿಲ್ಲ. ಆ ಕೈ ಹಿಡಿದದ್ದೇ ನೆನಪಾಗುತ್ತಿತ್ತು. ಕೊನೆಗೆ ಜಪ ಬಿಟ್ಟು, "ಅಮ್ಮಾ, ನನ್ನ ಪಾಪ ಇವನ ಮೇಲೆ ಬೀಳದಿರಲಿ. ಇವನ ಮಾತು ಕೇಳುವ ಒಬ್ಬರನ್ನು ಕಳುಹಿಸು," ಎಂದು ಅತ್ತೆ.

ಪಾಳಿ ಬದಲಾಯಿತು. ಹೊಸದಾಗಿ ಡ್ಯೂಟಿಗೆ ಬಂದ ನರ್ಸ್ ಒಬ್ಬಳು ಇಂಜೆಕ್ಷನ್ ಹಿಡಿದು ಒಳಗೆ ಹೋದವಳು ಅವನ ಕೊಂಕಣಿ ಕೇಳಿ ನಿಂತಳು. ನಮ್ಮ ಕಡೆಯ ಹುಡುಗಿ, ಐರಿನ್. ಇಂಜೆಕ್ಷನ್ ಪಕ್ಕಕ್ಕಿಟ್ಟು ಅವನ ಹತ್ತಿರ ಬಾಗಿದಳು.

"ಬೈಯುವವರು ಬೈಯಲಿ ನೆಲ್ಸನ್, ಅವರನ್ನು ಆಮೇಲೆ ನೋಡುವ. ಎಲ್ಲಿ ನೋಯ್ತದೆ, ಬೆರಳಿಟ್ಟು ತೋರಿಸು."

ಅವನು ತೋರಿಸಿದ. ನೋವು ಹೊಕ್ಕುಳಿನ ಹತ್ತಿರ ಶುರುವಾಗಿ ಬಲಕ್ಕೆ ಇಳಿದದ್ದನ್ನು ಹೇಳಿದ. ಅವಳು ಡಾಕ್ಟರನ್ನು ಕರೆತಂದು ಎಲ್ಲವನ್ನೂ ಹೇಳಿದಳು, ಬೈಗುಳ ಕೇಳಿಸುತ್ತದೆ ಎನ್ನುವುದನ್ನೂ ಬಿಡದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಆ ಸಂಜೆಯೇ ಆಪರೇಷನ್ ಆಯಿತು. ಅಪೆಂಡಿಕ್ಸ್ ಒಡೆಯುವ ಹಂತದಲ್ಲಿತ್ತು, ಮನೆಗೆ ಕರೆದೊಯ್ದಿದ್ದರೆ ಉಳಿಯುವುದು ಕಷ್ಟವಿತ್ತು ಎಂದರು.

ಮಾತೆ ನನ್ನ ಮೊರೆ ಕೇಳಿದಳು. ಇದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ.

ಐರಿನ್‌ಗೆ ಕೈಮುಗಿದೆ. ಅವಳಿಗೆ ಮುಜುಗರವಾಯಿತು. "ಅವನು ಹೇಳಿದ್ದನ್ನು ಹೇಳಿದೆ ಅಂಕಲ್. ಅದ್ರಲ್ಲಿ ಏನುಂಟು?" ಎಂದಳು. ನನಗೆ ತಲೆ ಎತ್ತಲಾಗಲಿಲ್ಲ.

ಮಗ ಚೇತರಿಸಿಕೊಂಡ ಮೇಲೆ, ಊರಿಗೆ ಹೋದ ಆ ಮೇಸ್ತ್ರಿಯ ಫೋನ್ ನಂಬರ್ ಸಿಗಬಹುದೆಂದು ಬಸ್ ಹಿಡಿದು ರಿಗ್ಗೈಗೆ ಹೋದೆ. ಅವರ ಜೊತೆ ಕೋಣೆಯಲ್ಲಿದ್ದವರೊಬ್ಬರು ಸಿಕ್ಕಿದರು. "ಅವರು ತೀರಿಹೋಗಿ ವರ್ಷಗಳಾಯ್ತಲ್ಲ ಪೊರ್ಬುಗಳೇ. ನಿಮಗೆ ಗೊತ್ತಿಲ್ವಾ?" ಎಂದರು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತುಗಳನ್ನು ಹಾಗೆಯೇ ವಾಪಸ್ ತಂದೆ.

ಪಾಪನಿವೇದನೆ ಮಾಡಿದ್ದೇನೆ. ದೇವರು ಕ್ಷಮಿಸಿದ್ದಾನೆಂದು ನಂಬುತ್ತೇನೆ. ಆದರೆ ಕ್ಷಮಿಸಬೇಕಾಗಿದ್ದ ಮನುಷ್ಯನನ್ನು ನಾನು ಕೇಳಲೇ ಇಲ್ಲ. ಶುಕ್ರವಾರದ ಪೂಜೆಯಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ ಈಗ ಅವರನ್ನು ನೆನೆಯುತ್ತೇನೆ. ಅವರು ನಮ್ಮ ವಾರ್ಡಿನಲ್ಲಿ ಇದ್ದಷ್ಟು ದಿನವೂ ನಾವೆಲ್ಲ ಅವರನ್ನು ಸಕ್ರಾನ್ ಎಂದೇ ಕರೆದೆವು. ಇದನ್ನು ಓದಿ ನನ್ನ ಮಗನಿಗಾಗಿ ಮಾತೆಗೆ ವಂದನೆ ಸಲ್ಲಿಸುವವರು ದಯವಿಟ್ಟು ಅವರಿಗಾಗಿಯೂ ಒಂದು 'ನಮೋ ಮರಿಯ' ಹೇಳಿ. ಹೆಸರು ಹಿಡಿದೇ ಹೇಳಿ. ಅವರ ಹೆಸರು ಐತಪ್ಪ.